ಎರವಲು ನಾದ: ಹಿಪ್‌ಹಾಪ್ ಸಂಗೀತದಲ್ಲಿ ಸ್ಯಾಂಪ್ಲಿಂಗ್, ಅನುಕರಣೆ ಮತ್ತು ವಾದಕನ ಹಕ್ಕು

ಪೀಠಿಕೆ

ಸಂಗೀತದ ಚರಿತ್ರೆಯು ಬಹುಮಟ್ಟಿಗೆ ಎರವಲಿನ ಚರಿತ್ರೆಯೇ ಆಗಿದೆ. ಒಂದು ಭಾಷೆಯ ಮಟ್ಟಿಗೆ ಮತ್ತೊಂದು ಭಾಷೆಯ ಸಾಹಿತ್ಯವನ್ನು ಹೊಂದಿಸುವುದು, ಒಬ್ಬರ ಧಾತುವಿಗೆ ಇನ್ನೊಬ್ಬರು ಮಾತುವನ್ನು ಕೂಡಿಸುವುದು, ಗುರುವಿನ ಬಾನಿಯನ್ನು ಶಿಷ್ಯನು ಮುಂದುವರಿಸುವುದು ಎಲ್ಲ ನಾಡುಗಳಲ್ಲಿಯೂ ಕಂಡುಬರುವ ಸಂಗತಿಗಳು. ಆದರೆ ಇಪ್ಪತ್ತನೆಯ ಶತಮಾನದ ಕೊನೆಯ ಮೂರು ದಶಕಗಳಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ರೂಪುಗೊಂಡ ಹಿಪ್‌ಹಾಪ್ ಸಂಗೀತವು ಎರವಲಿನ ಸ್ವರೂಪವನ್ನೇ ಬದಲಾಯಿಸಿತು. ಅದಕ್ಕೆ ಮುಂಚೆ ಎರವಲು ಪಡೆಯುವವನು ಇನ್ನೊಬ್ಬನ ಮಟ್ಟನ್ನಾಗಲಿ ತಾಳದ ನಡೆಯನ್ನಾಗಲಿ ಕಲಿತು ತಾನೇ ಹಾಡಬೇಕಾಗಿತ್ತು ಅಥವಾ ನುಡಿಸಬೇಕಾಗಿತ್ತು. ಹಿಪ್‌ಹಾಪ್ ಕಲಾವಿದನು ಇನ್ನೊಬ್ಬನು ನುಡಿಸಿದ ನಾದವನ್ನೇ ಧ್ವನಿಮುದ್ರಿಕೆಯಿಂದ ಕತ್ತರಿಸಿ ತೆಗೆದು, ಅದನ್ನು ತನ್ನ ಹಾಡಿಗೆ ತಳಹದಿಯಾಗಿ ಇರಿಸಿದನು. ಈ ಕ್ರಮಕ್ಕೆ ಸ್ಯಾಂಪ್ಲಿಂಗ್ ಎಂದು ಹೆಸರು.

ಸ್ಯಾಂಪ್ಲಿಂಗನ್ನು ಕುರಿತ ಚರ್ಚೆಗಳು ಸಾಮಾನ್ಯವಾಗಿ ಎರಡು ಧ್ರುವಗಳಲ್ಲಿ ನಿಂತುಬಿಡುತ್ತವೆ. ಅದು ಕಳ್ಳತನವೆಂದು ಒಂದು ಪಕ್ಷ ಹೇಳಿದರೆ, ಅದೊಂದು ಹೊಸ ಸೃಷ್ಟಿಕ್ರಮವೆಂದು ಮತ್ತೊಂದು ಪಕ್ಷ ವಾದಿಸುತ್ತದೆ. ಈ ಎರಡು ಪಕ್ಷಗಳೂ ಹಾಡು ಕಟ್ಟಿದವನನ್ನೂ ಅದನ್ನು ಕತ್ತರಿಸಿದವನನ್ನೂ ಮಾತ್ರ ಲಕ್ಷಿಸುತ್ತವೆ. ಕತ್ತರಿಸಲ್ಪಟ್ಟ ಆ ನಾದವನ್ನು ನಿಜವಾಗಿ ನುಡಿಸಿದವನು ಯಾರು, ಅವನಿಗೆ ಸಂದದ್ದೇನು ಎಂಬ ಪ್ರಶ್ನೆ ಹಿಂದೆ ಉಳಿಯುತ್ತದೆ. ಪ್ರಸ್ತುತ ಪ್ರಬಂಧದಲ್ಲಿ ಈ ಮೂರನೆಯ ವ್ಯಕ್ತಿಯನ್ನು ಕೇಂದ್ರವಾಗಿರಿಸಿಕೊಂಡು ಸ್ಯಾಂಪ್ಲಿಂಗಿನ ಚರಿತ್ರೆಯನ್ನು ಪರಿಶೀಲಿಸುವ ಪ್ರಯತ್ನ ಮಾಡಲಾಗಿದೆ. ಕಾನೂನು ಸಂಗೀತವನ್ನು ದೀರ್ಘಕಾಲ ಕಾಗದದ ಮೇಲಿನ ಸ್ವರಲಿಪಿಯ ಮೂಲಕವೇ ಗುರುತಿಸಿತು. ಯಂತ್ರವಾದರೋ ಸ್ವರಲಿಪಿಗೆ ಸಿಕ್ಕದೆ ಉಳಿದ ಅಂಶವನ್ನೇ ಹಿಡಿದುಕೊಂಡಿತು. ಈ ಎರಡರ ನಡುವಿನ ಅಂತರದಲ್ಲಿ ವಾದಕನು ಕಳೆದುಹೋದನು ಎಂಬುದು ಇಲ್ಲಿ ಪ್ರತಿಪಾದಿಸಲಾಗುವ ವಿಚಾರ.

1. ಬ್ರಾಂಕ್ಸ್: ತಾಳಖಂಡದ ಶೋಧ

ಹಿಪ್‌ಹಾಪ್‌ನ ಆರಂಭವನ್ನು 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ, ಸೆಜ್‌ವಿಕ್ ಅವೆನ್ಯೂವಿನ 1520ನೆಯ ಸಂಖ್ಯೆಯ ವಸತಿ ಕಟ್ಟಡದಲ್ಲಿ ನಡೆದ ಒಂದು ನೃತ್ಯಕೂಟದಿಂದ ಗುರುತಿಸುವುದು ವಾಡಿಕೆ. ಶಾಲೆ ಮತ್ತೆ ತೆರೆಯುವ ಹೊತ್ತಿಗೆ ಬಟ್ಟೆ ಕೊಳ್ಳಲು ಹಣ ಕೂಡಿಸುವ ಸಲುವಾಗಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ತರುಣಿ ಏರ್ಪಡಿಸಿದ ಕೂಟವದು. ಅಲ್ಲಿ ರೆಕಾರ್ಡುಗಳನ್ನು ನುಡಿಸಿದವನು ಅವಳ ಅಣ್ಣ ಕ್ಲೈವ್ ಕ್ಯಾಂಪ್‌ಬೆಲ್. 1955ರಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಹುಟ್ಟಿ 1967ರಲ್ಲಿ ಬ್ರಾಂಕ್ಸ್‌ಗೆ ಬಂದ ಈತನೇ ಮುಂದೆ ಕೂಲ್ ಹರ್ಕ್ ಎಂದು ಪ್ರಸಿದ್ಧನಾದನು.

ಹಾಡಿನ ನಡುವೆ ಗಾಯನವೂ ಉಳಿದ ವಾದ್ಯಗಳೂ ನಿಂತು, ಡ್ರಮ್ ಮತ್ತಿತರ ತಾಳವಾದ್ಯಗಳು ಮಾತ್ರ ಕೇಳಿಬರುವ ಘಟ್ಟದಲ್ಲಿ ಕುಣಿಯುವವರ ಉತ್ಸಾಹ ಇಮ್ಮಡಿಯಾಗುವುದನ್ನು ಹರ್ಕ್ ಗಮನಿಸಿದನು. ಈ ಘಟ್ಟಕ್ಕೆ ಬ್ರೇಕ್ ಎಂದು ಹೆಸರು. ಈ ಪ್ರಬಂಧದಲ್ಲಿ ಅದನ್ನು ‘ತಾಳಖಂಡ’ ಎಂದು ಕರೆಯಲಾಗಿದೆ. ತಾಳಖಂಡವು ಕೆಲವೇ ಸೆಕೆಂಡುಗಳಲ್ಲಿ ಮುಗಿದುಹೋಗುತ್ತಿತ್ತು. ಹರ್ಕ್ ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಟರ್ನ್‌ಟೇಬಲ್‌ಗಳ ಮೇಲಿಟ್ಟು, ಒಂದರಲ್ಲಿ ತಾಳಖಂಡ ಮುಗಿಯುತ್ತಿದ್ದಂತೆ ಇನ್ನೊಂದರಲ್ಲಿ ಅದನ್ನೇ ಮೊದಲಿನಿಂದ ನುಡಿಸುವ ಕ್ರಮವನ್ನು ರೂಢಿಸಿಕೊಂಡನು. ಕೆಲವು ಸೆಕೆಂಡುಗಳ ವಾದನವು ಹೀಗೆ ಹಲವು ನಿಮಿಷಗಳವರೆಗೆ ಬೆಳೆಯಿತು. ಜೇಮ್ಸ್ ಬ್ರೌನ್‌ನ ಧ್ವನಿಮುದ್ರಿಕೆಗಳು, ಇನ್‌ಕ್ರೆಡಿಬಲ್ ಬಾಂಗೊ ಬ್ಯಾಂಡ್ ಎಂಬ ತಂಡದ 1973ರ ‘ಅಪಾಚಿ’ ಮುಂತಾದವು ಈ ಕೂಟಗಳಿಗೆ ಮೂಲದ್ರವ್ಯವಾದವು. ‘ಅಪಾಚಿ’ಯೂ ಒಂದು ಎರವಲೇ ಆಗಿತ್ತೆಂಬುದು ಉಲ್ಲೇಖನೀಯ. ಅದನ್ನು ರಚಿಸಿದವನು ಬ್ರಿಟನ್ನಿನ ಜೆರ್ರಿ ಲಾರ್ಡನ್. ಷ್ಯಾಡೋಸ್ ತಂಡವು 1960ರಲ್ಲಿಯೇ ಅದನ್ನು ಜನಪ್ರಿಯಗೊಳಿಸಿತ್ತು.

ಈ ಆರಂಭಿಕ ಘಟ್ಟದ ಒಂದು ಪದ್ಧತಿ ನಮ್ಮ ವಿಷಯಕ್ಕೆ ಮುಖ್ಯವಾದುದು. ಜಮೈಕಾದ ಸೌಂಡ್ ಸಿಸ್ಟಮ್ ಪರಂಪರೆಯಲ್ಲಿ, ತಾನು ನುಡಿಸುವ ರೆಕಾರ್ಡು ಯಾವುದೆಂದು ಪ್ರತಿಸ್ಪರ್ಧಿಗಳಿಗೆ ತಿಳಿಯಬಾರದೆಂದು ಅದರ ಮೇಲಿನ ಚೀಟಿಯನ್ನು ನೀರಿನಲ್ಲಿ ನೆನೆಸಿ ತೆಗೆದುಹಾಕುವ ರೂಢಿಯಿತ್ತು. ಹರ್ಕ್‌ನೂ ಅದನ್ನೇ ಅನುಸರಿಸಿದನು. ವಾದಕನ ಹೆಸರು ಅಳಿಸಿಹೋಗುವ ಕ್ರಿಯೆ ನ್ಯಾಯಾಲಯಗಳಿಗಿಂತ ಬಹಳ ಮುಂಚೆ, ಕಲಾವಿದರ ಕೈಯಿಂದಲೇ ಆರಂಭವಾಗಿತ್ತು ಎಂಬುದನ್ನು ಇಲ್ಲಿ ಮರೆಯಲಾಗದು.

ಬಾರ್ಬಡೋಸ್ ಮೂಲದ ಜೋಸೆಫ್ ಸ್ಯಾಡ್ಲರ್, ಅಂದರೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಷ್, ಹರ್ಕ್‌ನ ಕ್ರಮವನ್ನು ಶಾಸ್ತ್ರಶುದ್ಧಗೊಳಿಸಿದನು. ರೆಕಾರ್ಡಿನ ಮೇಲೆ ಬಣ್ಣದ ಕಡ್ಡಿಯಿಂದ ಗುರುತು ಹಾಕಿಕೊಂಡು, ತಾಳ ಎಲ್ಲಿಯೂ ತಪ್ಪದಂತೆ ಒಂದರಿಂದ ಇನ್ನೊಂದಕ್ಕೆ ದಾಟುವುದು ಅವನ ವಿಧಾನ. ಗ್ರ್ಯಾಂಡ್ ವಿಜರ್ಡ್ ಥಿಯೊಡೋರ್ ಎಂಬವನು ರೆಕಾರ್ಡನ್ನು ಮುಳ್ಳಿನ ಕೆಳಗೆ ಹಿಂದೆಮುಂದೆ ಎಳೆದು ‘ಸ್ಕ್ರ್ಯಾಚ್’ ಎಂಬ ಹೊಸ ಧ್ವನಿಯನ್ನು ಹೊರಡಿಸಿದನು. ಇವರ ಕೈಯಲ್ಲಿ ಟರ್ನ್‌ಟೇಬಲ್ ಒಂದು ವಾದ್ಯವೇ ಆಯಿತು.

ಈ ಸಮುದಾಯಕ್ಕೆ ತನ್ನದೇ ಆದ ನೀತಿಯೂ ಇತ್ತು. ಇನ್ನೊಬ್ಬನು ಕಟ್ಟಿದ ಪ್ರಾಸಬದ್ಧ ಸಾಲುಗಳನ್ನು ತನ್ನದೆಂದು ಹೇಳಿಕೊಳ್ಳುವುದನ್ನು ‘ಬೈಟಿಂಗ್’, ಎಂದರೆ ಕಚ್ಚುವಿಕೆ, ಎಂದು ಹಳಿಯಲಾಗುತ್ತಿತ್ತು. ಹಳೆಯ ರೆಕಾರ್ಡಿನಿಂದ ತಾಳಖಂಡವನ್ನು ಹುಡುಕಿ ತರುವುದು ಮಾತ್ರ ಹೆಗ್ಗಳಿಕೆಯ ಕೆಲಸವಾಗಿತ್ತು. ಮಾತಿಗೆ ಒಡೆಯನುಂಟು, ತಾಳಕ್ಕೆ ಒಡೆಯನಿಲ್ಲ ಎಂಬುದು ಆ ನೀತಿಯಲ್ಲಿ ಅಡಗಿದ್ದ ಗ್ರಹಿಕೆ.

2. ಕೂಟದಿಂದ ಮಾರುಕಟ್ಟೆಗೆ

1979ರಲ್ಲಿ ನ್ಯೂಜೆರ್ಸಿಯ ಷುಗರ್ ಹಿಲ್ ಸಂಸ್ಥೆಯ ಒಡತಿ ಸಿಲ್ವಿಯಾ ರಾಬಿನ್‌ಸನ್ ‘ರ‍್ಯಾಪರ್ಸ್ ಡಿಲೈಟ್’ ಎಂಬ ಹಾಡನ್ನು ಹೊರತಂದಳು. ಹಿಪ್‌ಹಾಪ್ ಅನ್ನು ಬ್ರಾಂಕ್ಸ್‌ನ ಹೊರಗೆ ಪರಿಚಯಿಸಿದ ಈ ಹಾಡು ಎರಡು ಬಗೆಯ ಎರವಲುಗಳ ಮೇಲೆ ನಿಂತಿತ್ತು. ಸಂಗೀತವು ಷೀಕ್ ತಂಡದ ಅದೇ ವರ್ಷದ ‘ಗುಡ್ ಟೈಮ್ಸ್’ ಹಾಡಿನದು. ಅದನ್ನು ರೆಕಾರ್ಡಿನಿಂದ ತೆಗೆದಿರಲಿಲ್ಲ. ಸ್ಟುಡಿಯೋದಲ್ಲಿ ವಾದಕರಿಂದ ಹೊಸದಾಗಿ ನುಡಿಸಲಾಗಿತ್ತು. ಬಿಗ್ ಬ್ಯಾಂಕ್ ಹ್ಯಾಂಕ್ ಹೇಳಿದ ಸಾಲುಗಳಾದರೋ ಕೋಲ್ಡ್ ಕ್ರಷ್ ಬ್ರದರ್ಸ್ ತಂಡದ ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್‌ನವು. ಮೂಲ ಕವಿ ತನ್ನ ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳುವ ಭಾಗವನ್ನೂ ಹ್ಯಾಂಕ್ ಬದಲಾಯಿಸಲಿಲ್ಲ.

ಇದರ ಫಲ ಗಮನಾರ್ಹವಾದುದು. ಷೀಕ್ ತಂಡದ ನೈಲ್ ರಾಜರ್ಸ್ ಮತ್ತು ಬರ್ನಾರ್ಡ್ ಎಡ್ವರ್ಡ್ಸ್ ಕಾನೂನು ಕ್ರಮದ ಎಚ್ಚರಿಕೆ ನೀಡಿದಾಗ ಹಾಡಿನ ರಚನಕಾರರೆಂದು ಅವರ ಹೆಸರು ಸೇರಿತು, ರಾಯಲ್ಟಿಯೂ ದೊರೆಯಿತು. ಕ್ಯಾಜ್‌ನಿಗೆ ಹೆಸರೂ ಇಲ್ಲ, ಹಣವೂ ಇಲ್ಲ. ಮೊದಲಿನವರಿಗೆ ನೋಂದಾಯಿತ ಕೃತಿಯೂ ಪ್ರಕಾಶಕ ಸಂಸ್ಥೆಯ ಬೆಂಬಲವೂ ಇದ್ದವು. ಎರಡನೆಯವನಿಗೆ ಇದ್ದುದು ಬ್ರಾಂಕ್ಸ್‌ನ ಶ್ರೋತೃಗಳ ನೆನಪು ಮಾತ್ರ. ಬೈಟಿಂಗ್ ಪಾಪವೆಂದು ಸಾರಿದ ಸಮುದಾಯದ ನೀತಿ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ.

1982ರ ‘ಪ್ಲಾನೆಟ್ ರಾಕ್’ ಇನ್ನೊಂದು ಮಾರ್ಗವನ್ನು ತೋರಿಸಿತು. ಆಫ್ರಿಕಾ ಬಂಬಾಟಾ ಮತ್ತು ನಿರ್ಮಾಪಕ ಆರ್ಥರ್ ಬೇಕರ್ ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದ 1977ರ ‘ಟ್ರಾನ್ಸ್-ಯೂರೋಪ್ ಎಕ್ಸ್‌ಪ್ರೆಸ್’ ಹಾಡಿನ ಮಟ್ಟನ್ನೂ 1981ರ ‘ನಂಬರ್ಸ್’ ಹಾಡಿನ ತಾಳವನ್ನೂ ತೆಗೆದುಕೊಂಡು, ಕೀಬೋರ್ಡ್ ಮತ್ತು ರೋಲ್ಯಾಂಡ್ ಟಿಆರ್-808 ತಾಳಯಂತ್ರದ ನೆರವಿನಿಂದ ಹೊಸದಾಗಿ ನುಡಿಸಿದರು. ಡ್ಯುಸೆಲ್ಡಾರ್ಫ್ ನಗರದ ಯಾಂತ್ರಿಕ ನಾದವು ಬ್ರಾಂಕ್ಸ್‌ನ ಕೃಷ್ಣವರ್ಣೀಯ ಯುವಕರ ನೃತ್ಯಸಂಗೀತವಾದ ಪರಿ ಅದು. ಶೈಲಿಗಳ ವಲಸೆಗೆ ಜನಾಂಗ, ಭಾಷೆಗಳ ಗಡಿಯಿಲ್ಲವೆಂಬುದಕ್ಕೆ ಈ ಹಾಡು ಒಳ್ಳೆಯ ನಿದರ್ಶನ.

3. ಯಂತ್ರ ಮತ್ತು ಇಬ್ಬರು ಡ್ರಮ್ ವಾದಕರು

1980ರ ದಶಕದ ಮಧ್ಯಭಾಗದಲ್ಲಿ ಸ್ಯಾಂಪ್ಲರ್ ಯಂತ್ರಗಳು ಸಾಮಾನ್ಯ ಕಲಾವಿದರ ಕೈಗೆ ಎಟುಕತೊಡಗಿದವು. ಧ್ವನಿಯನ್ನು ಅಂಕಿಗಳಾಗಿ ಪರಿವರ್ತಿಸಿ ಸ್ಮೃತಿಯಲ್ಲಿರಿಸಿ, ಬೇಕೆಂದಾಗ ಬೇಕಾದ ವೇಗದಲ್ಲಿ ಹೊರಡಿಸುವುದು ಇವುಗಳ ಕೆಲಸ. 1987ರಲ್ಲಿ ಬಂದ ಇ-ಮ್ಯೂ ಸಂಸ್ಥೆಯ ಎಸ್‌ಪಿ-1200 ಮತ್ತು 1988ರ ಅಕಾಯ್ ಎಂಪಿಸಿ-60 ಇವುಗಳಲ್ಲಿ ಮುಖ್ಯವಾದವು. ಎಸ್‌ಪಿ-1200ರ ಸ್ಮೃತಿಯಲ್ಲಿ ಒಟ್ಟು ಸುಮಾರು 10 ಸೆಕೆಂಡುಗಳ ಧ್ವನಿ ಮಾತ್ರ ಹಿಡಿಸುತ್ತಿತ್ತು. ಒಂದೊಂದು ತುಣುಕಿಗೆ 2.5 ಸೆಕೆಂಡುಗಳ ಮಿತಿ. ಆದ್ದರಿಂದ ನಿರ್ಮಾಪಕರು 33ರ ವೇಗದ ರೆಕಾರ್ಡನ್ನು 45ರ ವೇಗದಲ್ಲಿ ನುಡಿಸಿ ತುಂಬಿಸಿಕೊಂಡು, ಅನಂತರ ಯಂತ್ರದೊಳಗೆ ನಿಧಾನಗೊಳಿಸುತ್ತಿದ್ದರು. ಆ ಕಾಲದ ಹಿಪ್‌ಹಾಪ್‌ಗೆ ವಿಶಿಷ್ಟವಾದ ಒರಟು, ಮಂದ ನಾದಕ್ಕೆ ಈ ಮಿತಿಯೇ ಕಾರಣ.

ಯಂತ್ರಕ್ಕೆ ಬೇಕಾದ ಮೂಲದ್ರವ್ಯವನ್ನು ಒದಗಿಸಿದ್ದು 1986ರಿಂದ 1991ರವರೆಗೆ 25 ಸಂಪುಟಗಳಲ್ಲಿ ಪ್ರಕಟವಾದ ‘ಅಲ್ಟಿಮೇಟ್ ಬ್ರೇಕ್ಸ್ ಅಂಡ್ ಬೀಟ್ಸ್’ ಎಂಬ ರೆಕಾರ್ಡು ಮಾಲಿಕೆ. ಹರ್ಕ್‌ನ ಕಾಲದಲ್ಲಿ ಗುಟ್ಟಾಗಿದ್ದ ತಾಳಖಂಡಗಳು ಇದರಿಂದ ಸಾರ್ವಜನಿಕವಾದವು. ಆ ತಾಳಖಂಡಗಳಲ್ಲಿ ಎರಡರ ಕಥೆಯನ್ನು ಇಲ್ಲಿ ತುಸು ವಿವರವಾಗಿ ನೋಡಬೇಕು.

ಮೊದಲನೆಯದು ‘ಫಂಕಿ ಡ್ರಮ್ಮರ್’. ಜೇಮ್ಸ್ ಬ್ರೌನ್‌ನ ತಂಡವು 1969ರ ನವೆಂಬರ್‌ನಲ್ಲಿ ಸಿನ್ಸಿನಾಟಿಯಲ್ಲಿ ಮುದ್ರಿಸಿದ ಈ ಹಾಡು 1970ರಲ್ಲಿ ಬಿಡುಗಡೆಯಾಯಿತು. ಡ್ರಮ್ ನುಡಿಸಿದವನು ಟೆನೆಸ್ಸೀ ರಾಜ್ಯದ ಚಟ್ಟನೂಗ ಪಟ್ಟಣದಲ್ಲಿ 1943ರಲ್ಲಿ ಹುಟ್ಟಿದ ಕ್ಲೈಡ್ ಸ್ಟಬಲ್‌ಫೀಲ್ಡ್. ಹಾಡಿನ ಕೊನೆಯ ಭಾಗದಲ್ಲಿ ಬ್ರೌನ್ ಉಳಿದ ವಾದ್ಯಗಳನ್ನು ನಿಲ್ಲಿಸಿ, ತನಿ ನುಡಿಸುವುದು ಬೇಡ, ಈಗಿರುವ ನಡೆಯನ್ನೇ ಉಳಿಸಿಕೋ ಎಂಬರ್ಥದ ಸೂಚನೆಯನ್ನು ಡ್ರಮ್ ವಾದಕನಿಗೆ ಕೊಡುತ್ತಾನೆ. ಆಗ ಎಂಟು ಆವರ್ತಗಳ, ಸುಮಾರು 20 ಸೆಕೆಂಡುಗಳ ವಾದನ ಕೇಳಿಬರುತ್ತದೆ. ಮೇಲ್ನೋಟಕ್ಕೆ ಸರಳವಾದ ನಡೆ. ಆದರೆ ಸ್ನೇರ್ ಡ್ರಮ್ಮಿನ ಮುಖ್ಯ ಪೆಟ್ಟುಗಳ ನಡುವೆ ಕೇಳಿಯೂ ಕೇಳಿಸದಷ್ಟು ಮೆಲ್ಲಗೆ ಬೀಳುವ ಉಪಪೆಟ್ಟುಗಳೂ, ಹೈ-ಹ್ಯಾಟ್ ತಾಳಗಳು ಕ್ಷಣಕಾಲ ತೆರೆದು ಮುಚ್ಚುವ ರೀತಿಯೂ ಅದಕ್ಕೆ ಜೀವ ತುಂಬಿವೆ. ನಮ್ಮ ಮೃದಂಗ ಅಥವಾ ತಬಲಾ ವಾದನದಲ್ಲಿ ಸೊಲ್ಲುಗಳನ್ನು ಬರೆದಿಟ್ಟರೂ ವಾದಕನ ಕೈಯ ನಾದ ಬರವಣಿಗೆಗೆ ಸಿಕ್ಕದಿರುವಂತೆ, ಈ ನಡೆಯ ತೂಕವೂ ಸ್ವರಲಿಪಿಗೆ ಸಿಕ್ಕುವಂಥದಲ್ಲ. ಅದರ ಒಂದು ಆವರ್ತದ ಅವಧಿ 2.5 ಸೆಕೆಂಡಿಗಿಂತ ತುಸು ಕಡಿಮೆ. ಎಸ್‌ಪಿ-1200ರ ಒಂದು ಕೋಶದಲ್ಲಿ ಅದು ಅಳೆದಂತೆ ಹಿಡಿಸುತ್ತಿತ್ತು.

1986ರಲ್ಲಿ ‘ಇನ್ ದ ಜಂಗಲ್ ಗ್ರೂವ್’ ಎಂಬ ಸಂಕಲನದಲ್ಲಿ ಈ ಹಾಡು ಮರುಪ್ರಕಟವಾದ ಮೇಲೆ ಅದರ ತಾಳಖಂಡ ನೂರಾರು ಹಾಡುಗಳಲ್ಲಿ ಕೇಳಿಬಂತು. ಪಬ್ಲಿಕ್ ಎನಿಮಿ ತಂಡದ ‘ಫೈಟ್ ದ ಪವರ್’ (1989), ಎಲ್‌ಎಲ್ ಕೂಲ್ ಜೆ ಹಾಡಿದ ‘ಮಾಮಾ ಸೆಡ್ ನಾಕ್ ಯು ಔಟ್’ (1990) ಅವುಗಳಲ್ಲಿ ಎರಡು. ರಚನಕಾರನೆಂದು ದಾಖಲಾದವನು ಜೇಮ್ಸ್ ಬ್ರೌನ್. ಧ್ವನಿಮುದ್ರಣದ ಹಕ್ಕು ಸಂಸ್ಥೆಯದು. ಸ್ಟಬಲ್‌ಫೀಲ್ಡ್ ಸಂಬಳಕ್ಕೆ ನುಡಿಸಿದ ವಾದಕ. ತನಗೆ ಕೋಪವೇನೂ ಇಲ್ಲ, ಆದರೆ ಬಳಸಿದ್ದಕ್ಕೆ ಹಣ ಕೊಡದಿರುವುದು ಅಗೌರವವೆಂದು ಆತ ಸಂದರ್ಶನವೊಂದರಲ್ಲಿ ಹೇಳಿದ್ದಾನೆ. ಕ್ಯಾನ್ಸರ್ ಚಿಕಿತ್ಸೆಯ ಸಾಲದಲ್ಲಿದ್ದಾಗ ಸುಮಾರು 90,000 ಡಾಲರ್‌ಗಳ ಆಸ್ಪತ್ರೆಯ ವೆಚ್ಚವನ್ನು ಗಾಯಕ ಪ್ರಿನ್ಸ್ ಗುಟ್ಟಾಗಿ ಭರಿಸಿದನೆಂಬ ಸಂಗತಿಯನ್ನು ಪ್ರಿನ್ಸ್ ತೀರಿಕೊಂಡ 2016ರಲ್ಲಿ ಆತನೇ ಬಹಿರಂಗಪಡಿಸಿದನು. ಹಕ್ಕಿನಿಂದ ಬರಬೇಕಾದುದು ಒಬ್ಬ ಅಭಿಮಾನಿ ಕಲಾವಿದನ ಔದಾರ್ಯದಿಂದ ಬಂತು. ಸ್ಟಬಲ್‌ಫೀಲ್ಡ್ 2017ರಲ್ಲಿ ನಿಧನನಾದನು.

ಎರಡನೆಯದು ‘ಅಮೆನ್, ಬ್ರದರ್’. ವಾಷಿಂಗ್‌ಟನ್ ನಗರದ ವಿನ್‌ಸ್ಟನ್ಸ್ ತಂಡ 1969ರಲ್ಲಿ ಹೊರತಂದ ‘ಕಲರ್ ಹಿಮ್ ಫಾದರ್’ ಎಂಬ ರೆಕಾರ್ಡಿನ ಹಿಂಬದಿಯ ಹಾಡಿದು. ಅದರಲ್ಲಿ ಗ್ರೆಗರಿ ಕೋಲ್‌ಮನ್ ನುಡಿಸಿದ ನಾಲ್ಕು ಆವರ್ತಗಳ ತಾಳಖಂಡದ ಅವಧಿ ಸುಮಾರು 7 ಸೆಕೆಂಡುಗಳು. ಅಮೆರಿಕದ ಹಿಪ್‌ಹಾಪ್‌ನಲ್ಲಿಯೂ 1990ರ ದಶಕದ ಬ್ರಿಟನ್ನಿನ ಜಂಗಲ್ ಸಂಗೀತದಲ್ಲಿಯೂ ಸಾವಿರಾರು ಹಾಡುಗಳಿಗೆ ಇದು ಆಧಾರವಾಯಿತು. ತಂಡದ ನಾಯಕ ರಿಚರ್ಡ್ ಸ್ಪೆನ್ಸರ್‌ಗೆ ಈ ವಿಷಯ ತಿಳಿದದ್ದೇ 1996ರಲ್ಲಿ. ಕೋಲ್‌ಮನ್ ಏನನ್ನೂ ಪಡೆಯದೆ 2006ರಲ್ಲಿ ಅಟ್ಲಾಂಟಾದಲ್ಲಿ ತೀರಿಕೊಂಡನು. 2015ರಲ್ಲಿ ಬ್ರಿಟನ್ನಿನ ಒಬ್ಬ ಡಿಜೆ ಜನರಿಂದ ಸಂಗ್ರಹಿಸಿದ 24,000 ಪೌಂಡುಗಳನ್ನು ಸ್ಪೆನ್ಸರ್‌ಗೆ ಒಪ್ಪಿಸಿದನು. ಇಲ್ಲಿಯೂ ಎರವಲಿನ ಸರಪಳಿ ಹಿಂದಕ್ಕೆ ಸಾಗುತ್ತದೆ. ‘ಅಮೆನ್, ಬ್ರದರ್’ ಸ್ವತಃ ಜೆಸ್ಟರ್ ಹೇರ್‌ಸ್ಟನ್ ಅಳವಡಿಸಿದ, ಇಂಪ್ರೆಷನ್ಸ್ ತಂಡವು 1964ರಲ್ಲಿ ಜನಪ್ರಿಯಗೊಳಿಸಿದ ‘ಅಮೆನ್’ ಎಂಬ ಭಕ್ತಿಗೀತೆಯಿಂದ ಹುಟ್ಟಿದ್ದು.

ಈ ಎರಡು ಪ್ರಸಂಗಗಳ ಹಿನ್ನೆಲೆಯಲ್ಲಿ ಒಂದು ಕಾನೂನಿನ ಸಂಗತಿಯಿದೆ. ಅಮೆರಿಕದ ಒಕ್ಕೂಟ ಕಾನೂನು ಧ್ವನಿಮುದ್ರಣಗಳಿಗೆ ಕೃತಿಸ್ವಾಮ್ಯ ನೀಡಿದ್ದು 1972ರ ಫೆಬ್ರವರಿ 15ರಿಂದ ಈಚಿನವುಗಳಿಗೆ ಮಾತ್ರ. ಅದಕ್ಕೆ ಹಿಂದಿನವು ಆಯಾ ರಾಜ್ಯಗಳ ಕಾನೂನಿಗೆ ಬಿಟ್ಟದ್ದಾಗಿದ್ದು, 2018ರ ಸಂಗೀತ ಸುಧಾರಣಾ ಕಾಯಿದೆಯ ಮೂಲಕವಷ್ಟೇ ಒಕ್ಕೂಟದ ರಕ್ಷಣೆಯನ್ನು ಪಡೆದವು. ಹಾಗೆ ಪಡೆದ ರಕ್ಷಣೆಯೂ ಮೊದಲು ಸಲ್ಲುವುದು ಧ್ವನಿಮುದ್ರಣದ ಒಡೆಯನಿಗೆ. ಕೂಲಿಗೆ ನುಡಿಸಿದ ವಾದಕನಿಗೆ ಅದರಿಂದ ಸಂಗೀತದ ಮೇಲೆ ಸ್ವಾಮ್ಯ ಬರುವುದಿಲ್ಲ.

4. ನ್ಯಾಯಾಲಯಗಳ ತೀರ್ಪು

1980ರ ದಶಕದ ಕೊನೆಯ ವರ್ಷಗಳನ್ನು ಸ್ಯಾಂಪ್ಲಿಂಗಿನ ಸಮೃದ್ಧಿಯ ಕಾಲವೆನ್ನಬಹುದು. ಪಬ್ಲಿಕ್ ಎನಿಮಿ ತಂಡದ 1988ರ ಆಲ್ಬಮ್ಮಿನಲ್ಲಿ, 1989ರಲ್ಲಿ ಬಂದ ಡೆ ಲಾ ಸೋಲ್ ಮತ್ತು ಬೀಸ್ಟಿ ಬಾಯ್ಸ್ ತಂಡಗಳ ಆಲ್ಬಮ್ಮುಗಳಲ್ಲಿ ಒಂದೊಂದು ಹಾಡಿಗೂ ಹಲವಾರು ಮೂಲಗಳ ತುಣುಕುಗಳನ್ನು ಹೆಣೆಯಲಾಯಿತು. 1989ರಲ್ಲಿಯೇ ಟರ್ಟಲ್ಸ್ ತಂಡದವರು ಡೆ ಲಾ ಸೋಲ್ ಮೇಲೆ ದಾವೆ ಹೂಡಿದರು. ಅದು ರಾಜಿಯಲ್ಲಿ ಮುಗಿಯಿತು.

1991ರ ಡಿಸೆಂಬರ್ 17ರಂದು ನ್ಯೂಯಾರ್ಕಿನ ಜಿಲ್ಲಾ ನ್ಯಾಯಾಲಯವು ನೀಡಿದ ತೀರ್ಪು ಈ ಕಾಲವನ್ನು ಕೊನೆಗಾಣಿಸಿತು. ಬಿಜ್ ಮಾರ್ಕಿ ಎಂಬ ಕಲಾವಿದನು ಗಿಲ್ಬರ್ಟ್ ಓ’ಸಲಿವನ್‌ನ 1972ರ ಹಾಡೊಂದರ ಭಾಗವನ್ನು ಅನುಮತಿ ದೊರೆಯುವ ಮೊದಲೇ ಬಳಸಿಕೊಂಡಿದ್ದನು. ನ್ಯಾಯಾಧೀಶ ಕೆವಿನ್ ಡಫಿ ಕಳ್ಳತನವನ್ನು ನಿಷೇಧಿಸುವ ಬೈಬಲ್ಲಿನ ಆಜ್ಞೆಯಿಂದಲೇ ತೀರ್ಪನ್ನು ಆರಂಭಿಸಿ, ವಿಷಯವನ್ನು ಕ್ರಿಮಿನಲ್ ವಿಚಾರಣೆಗೆ ಪರಿಶೀಲಿಸುವಂತೆ ಸೂಚಿಸಿದನು. ಅಂತಹ ವಿಚಾರಣೆ ನಡೆಯಲಿಲ್ಲ. ಆದರೂ ಅಂದಿನಿಂದ ಪ್ರತಿಯೊಂದು ತುಣುಕಿಗೂ ಎರಡು ಪರವಾನಗಿ ಪಡೆಯುವುದು ಉದ್ಯಮದ ನಿಯಮವಾಯಿತು: ಒಂದು ರಚನೆಯ ಪ್ರಕಾಶಕನಿಂದ, ಇನ್ನೊಂದು ಧ್ವನಿಮುದ್ರಣದ ಒಡೆಯನಿಂದ. ವಾದಕನ ಅನುಮತಿಯನ್ನು ಯಾರೂ ಕೇಳಬೇಕಾಗಿರಲಿಲ್ಲ. ಬಿಜ್ ಮಾರ್ಕಿ 1993ರ ತನ್ನ ಮುಂದಿನ ಆಲ್ಬಮ್ಮಿಗೆ ‘ಎಲ್ಲ ತುಣುಕುಗಳಿಗೂ ಪರವಾನಗಿ ಪಡೆಯಲಾಗಿದೆ’ ಎಂಬರ್ಥದ ಹೆಸರನ್ನಿಟ್ಟು ವಿನೋದದಿಂದ ಉತ್ತರಿಸಿದನು.

1994ರಲ್ಲಿ ಸುಪ್ರೀಂ ಕೋರ್ಟು, ಟು ಲೈವ್ ಕ್ರೂ ತಂಡವು ರಾಯ್ ಆರ್ಬಿಸನ್‌ನ ಹಾಡನ್ನು ಅಣಕಿಸಿದ್ದು ನ್ಯಾಯಸಮ್ಮತ ಬಳಕೆಯಾಗಬಲ್ಲದೆಂದು ಹೇಳಿತು. ಆದರೆ ಆ ರಿಯಾಯಿತಿ ಅಣಕಕ್ಕೆ ಸಂಬಂಧಿಸಿದ್ದು. ತಾಳಖಂಡದ ಬಳಕೆಗೆ ಅದರಿಂದ ಹೆಚ್ಚಿನ ನೆರವಾಗಲಿಲ್ಲ.

ನಮ್ಮ ವಿಷಯಕ್ಕೆ ಅತ್ಯಂತ ಹತ್ತಿರವಾದುದು ಕೊಳಲುವಾದಕ ಜೇಮ್ಸ್ ನ್ಯೂಟನ್ ಹೂಡಿದ ದಾವೆ. ಬೀಸ್ಟಿ ಬಾಯ್ಸ್ ತಂಡವು 1992ರ ‘ಪಾಸ್ ದ ಮೈಕ್’ ಹಾಡಿನಲ್ಲಿ ನ್ಯೂಟನ್‌ನ ‘ಕ್ವಾಯರ್’ ಎಂಬ ಕೃತಿಯ ಆರು ಸೆಕೆಂಡುಗಳ ಭಾಗವನ್ನು ಮತ್ತೆ ಮತ್ತೆ ಬಳಸಿತು. ಕೊಳಲನ್ನು ನುಡಿಸುತ್ತಲೇ ಕಂಠದಿಂದ ಸ್ವರ ಹೊರಡಿಸುವ ವಿಶಿಷ್ಟ ವಿಧಾನ ಆ ಭಾಗದಲ್ಲಿದೆ. ತಂಡವು ಧ್ವನಿಮುದ್ರಣದ ಒಡೆತನ ಹೊಂದಿದ್ದ ಇಸಿಎಂ ಸಂಸ್ಥೆಗೆ 1,000 ಡಾಲರ್ ತೆತ್ತು ಪರವಾನಗಿ ಪಡೆದಿತ್ತು. ರಚನಕಾರನಾದ ನ್ಯೂಟನ್‌ನನ್ನು ಕೇಳಿರಲಿಲ್ಲ. ಮೇಲ್ಮನವಿ ನ್ಯಾಯಾಲಯವು 2003ರಲ್ಲಿ, ರಚನೆಯ ಹಕ್ಕು ಸ್ವರಲಿಪಿಯಲ್ಲಿರುವುದಕ್ಕೆ ಮಾತ್ರ ಅನ್ವಯಿಸುತ್ತದೆಂದು ವಿವರಿಸಿತು. ವಾದನದ ವಿಶಿಷ್ಟ ನಾದವನ್ನು ಸೋಸಿ ತೆಗೆದರೆ ಉಳಿಯುವುದು ಹಿಡಿದಿಟ್ಟ ಒಂದು ಸ್ವರದ ಮೇಲಿನ ಮೂರು ಸ್ವರಗಳು. ಅದು ಅತ್ಯಲ್ಪವಾದ್ದರಿಂದ ಉಲ್ಲಂಘನೆಯಾಗದು ಎಂಬುದು ತೀರ್ಪಿನ ಸಾರ. ಯಾವ ಅಂಶಕ್ಕಾಗಿ ಆ ತುಣುಕನ್ನು ಆರಿಸಿಕೊಳ್ಳಲಾಯಿತೋ ಅದೇ ಅಂಶವನ್ನು ಕಾನೂನು ಲೆಕ್ಕದಿಂದ ಹೊರಗಿಟ್ಟಿತು.

ಧ್ವನಿಮುದ್ರಣದ ಒಡೆಯರ ವಿಷಯದಲ್ಲಿ ಕಾನೂನು ಇದಕ್ಕೆ ತೀರ ವಿರುದ್ಧವಾಗಿ ನಡೆದುಕೊಂಡಿತು. ಫಂಕಡೆಲಿಕ್ ತಂಡದ 1975ರ ಹಾಡೊಂದರಿಂದ ತೆಗೆದ ಎರಡು ಸೆಕೆಂಡುಗಳ ಗಿಟಾರ್ ನಾದವನ್ನು ಎನ್‌ಡಬ್ಲ್ಯೂಎ ತಂಡವು 1990ರಲ್ಲಿ ಬಳಸಿತ್ತು. ಬ್ರಿಜ್‌ಪೋರ್ಟ್ ಮ್ಯೂಸಿಕ್ ಮತ್ತು ಅದರ ಸಹಸಂಸ್ಥೆಗಳು 2001ರಲ್ಲಿ ಸುಮಾರು 800 ಪ್ರತಿವಾದಿಗಳ ವಿರುದ್ಧ ಹೂಡಿದ ದಾವೆಯಿಂದ ಬೇರ್ಪಡಿಸಿದ ಈ ಮೊಕದ್ದಮೆಯಲ್ಲಿ, ಧ್ವನಿಮುದ್ರಣದ ತುಣುಕು ಎಷ್ಟೇ ಚಿಕ್ಕದಾದರೂ ಪರವಾನಗಿ ಅಗತ್ಯವೆಂದು ಆರನೆಯ ವಲಯದ ಮೇಲ್ಮನವಿ ನ್ಯಾಯಾಲಯವು 2004ರಲ್ಲಿ ಹೇಳಿ, 2005ರಲ್ಲಿ ಅದನ್ನೇ ದೃಢಪಡಿಸಿತು. 2016ರಲ್ಲಿ ಒಂಬತ್ತನೆಯ ವಲಯದ ನ್ಯಾಯಾಲಯವು ಮಡೋನಾಳ ಹಾಡಿಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ ಇದಕ್ಕೆ ಭಿನ್ನಮತ ವ್ಯಕ್ತಪಡಿಸಿತು. ಜರ್ಮನಿಯಲ್ಲಿ ಕ್ರಾಫ್ಟ್‌ವರ್ಕ್ ತಂಡದವರು 1997ರ ರ‍್ಯಾಪ್ ಹಾಡೊಂದರಲ್ಲಿ ಬಳಕೆಯಾದ ತಮ್ಮ ಎರಡು ಸೆಕೆಂಡುಗಳ ತಾಳಕ್ಕಾಗಿ ಹೂಡಿದ ದಾವೆಯೂ ಇಂಥದೇ. ಅದು 2016ರಲ್ಲಿ ಆ ದೇಶದ ಸಂವಿಧಾನ ನ್ಯಾಯಾಲಯವನ್ನೂ 2019ರಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯವನ್ನೂ ಹಾಯ್ದು, ಅಲ್ಲಿಗೂ ಮುಗಿಯದೆ ಮುಂದುವರಿಯಿತು.

5. ಅನುಕರಣೆಗೆ ದೊರೆತ ರಿಯಾಯಿತಿ

ಅಮೆರಿಕದ ಕಾನೂನಿನಲ್ಲಿ ಇನ್ನೊಂದು ವೈಚಿತ್ರ್ಯವಿದೆ. ಒಂದು ಧ್ವನಿಮುದ್ರಣವನ್ನು ಯಥಾವತ್ತಾಗಿ ಹೋಲುವಂತೆ ಹೊಸದಾಗಿ ನುಡಿಸಿದರೆ ಮೂಲ ಧ್ವನಿಮುದ್ರಣದ ಹಕ್ಕಿಗೆ ಚ್ಯುತಿಯಾಗುವುದಿಲ್ಲ. ರಚನಕಾರನಿಗೆ ಸಲ್ಲಬೇಕಾದುದನ್ನು ಸಲ್ಲಿಸಿದರೆ ಸಾಕು. ಆದುದರಿಂದ ಸ್ಯಾಂಪ್ಲಿಂಗ್ ದುಬಾರಿಯಾದಂತೆ ನಿರ್ಮಾಪಕರು ಅನುಕರಣೆಯ ಕಡೆಗೆ ತಿರುಗಿದರು. ಡಾ. ಡ್ರೇ 1992ರ ‘ದ ಕ್ರಾನಿಕ್’ ಆಲ್ಬಮ್ಮಿನಲ್ಲಿ ಜಾರ್ಜ್ ಕ್ಲಿಂಟನ್ ಮೊದಲಾದವರ ಫಂಕ್ ಶೈಲಿಯನ್ನು ಹಲವೆಡೆ ವಾದಕರಿಂದ ನುಡಿಸಿಯೇ ಪಡೆದನು. ಪಶ್ಚಿಮ ಕರಾವಳಿಯ ಜಿ-ಫಂಕ್ ಎಂಬ ಶೈಲಿಯ ಹುಟ್ಟಿನಲ್ಲಿ ಕಲಾತ್ಮಕ ಅಭಿರುಚಿಯೊಂದಿಗೆ ಪರವಾನಗಿಯ ಬೆಲೆಯೂ ಪಾಲು ಪಡೆದಿದೆ.

ಶೈಲಿಯನ್ನು ಎಲ್ಲಿಯವರೆಗೆ ಎರವಲು ಪಡೆಯಬಹುದೆಂಬ ಪ್ರಶ್ನೆಗೆ ‘ಬ್ಲರ್ಡ್ ಲೈನ್ಸ್’ ಮೊಕದ್ದಮೆ ಉದಾಹರಣೆ. ಹಿಪ್‌ಹಾಪ್ ನಿರ್ಮಾಪಕ ಫರೆಲ್ ವಿಲಿಯಮ್ಸ್ ಸಂಗೀತ ನೀಡಿದ 2013ರ ಈ ಹಾಡು ಮಾರ್ವಿನ್ ಗೇ 1977ರಲ್ಲಿ ಹಾಡಿದ ಹಾಡಿನ ನಕಲೆಂದು 2015ರಲ್ಲಿ ಜ್ಯೂರಿ ತೀರ್ಮಾನಿಸಿತು. 2018ರಲ್ಲಿ ಮೇಲ್ಮನವಿ ನ್ಯಾಯಾಲಯವು ಆ ತೀರ್ಮಾನವನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. 1978ಕ್ಕೆ ಹಿಂದಿನ ಕೃತಿಯಾದ್ದರಿಂದ ಸರ್ಕಾರಕ್ಕೆ ಸಲ್ಲಿಸಿದ್ದ ಸ್ವರಲಿಪಿಯೇ ಪ್ರಮಾಣವೆಂದು ಕೆಳ ನ್ಯಾಯಾಲಯವು ನಿರ್ಧರಿಸಿ, ಮೂಲ ಧ್ವನಿಮುದ್ರಣವನ್ನು ಜ್ಯೂರಿಗೆ ಕೇಳಿಸಲು ಬಿಡಲಿಲ್ಲ. ಮಾರ್ವಿನ್ ಗೇಗೆ ಸ್ವರಲಿಪಿಯ ಬರವಣಿಗೆ ಬರುತ್ತಿರಲಿಲ್ಲ. ಆ ಲಿಪಿಯನ್ನು ಸಿದ್ಧಪಡಿಸಿದವನೂ ಅವನಲ್ಲ. ಇಷ್ಟಾದರೂ ಅವನ ಕುಟುಂಬಕ್ಕೆ ಜಯ ದೊರೆಯಿತು. ರಚನಕಾರನೆಂಬ ದಾಖಲೆಯಿದ್ದವನಿಗೆ ಶೈಲಿಯ ಹೋಲಿಕೆಯೂ ನೆರವಾಯಿತು. ದಾಖಲೆಯಿಲ್ಲದ ಸ್ಟಬಲ್‌ಫೀಲ್ಡ್‌ಗೆ ಅವನದೇ ಕೈಯ ನಾದವೂ ನೆರವಾಗಲಿಲ್ಲ.

6. ಭಾರತದ ಹಾಡುಗಳು, ಭಾರತದ ಕಾನೂನು

2000ದ ನಂತರ ಅಮೆರಿಕದ ಹಿಪ್‌ಹಾಪ್ ನಿರ್ಮಾಪಕರು ಹಿಂದಿ ಚಲನಚಿತ್ರಗೀತೆಗಳತ್ತ ಗಮನ ಹರಿಸಿದರು. ಟ್ರೂತ್ ಹರ್ಟ್ಸ್ ಎಂಬ ಗಾಯಕಿಗಾಗಿ ಡಿಜೆ ಕ್ವಿಕ್ 2002ರಲ್ಲಿ ನಿರ್ಮಿಸಿದ ‘ಅಡಿಕ್ಟಿವ್’ ಹಾಡಿನಲ್ಲಿ, 1981ರ ‘ಜ್ಯೋತಿ’ ಚಿತ್ರಕ್ಕೆ ಬಪ್ಪಿ ಲಾಹಿರಿ ಸಂಗೀತ ನೀಡಿ ಲತಾ ಮಂಗೇಶ್ಕರ್ ಹಾಡಿದ ಗೀತೆಯ ದೊಡ್ಡ ಭಾಗವೇ ಕೇಳಿಬಂತು. ಲಾಹಿರಿಯವರ ದೂರಿನ ಮೇರೆಗೆ ಅವರ ಹೆಸರನ್ನು ನಮೂದಿಸದೆ ಆಲ್ಬಮ್ಮನ್ನು ಮಾರಬಾರದೆಂದು ಲಾಸ್ ಏಂಜಲಿಸ್‌ನ ನ್ಯಾಯಾಲಯವು ತಡೆಯಾಜ್ಞೆ ನೀಡಿತು. ಆದರೆ ಮುಂದಿನ ಹಂತದಲ್ಲಿ, ಭಾರತೀಯ ಕಾನೂನಿನ ಪ್ರಕಾರ ಚಲನಚಿತ್ರಕ್ಕಾಗಿ ರಚಿಸಿದ ಸಂಗೀತದ ಮೊದಲ ಒಡೆಯನು ನಿರ್ಮಾಪಕನೇ ಎಂಬ ಕಾರಣದಿಂದ ಅವರ ದಾವೆ ನಿಲ್ಲಲಿಲ್ಲ. 2005ರ ಇನ್ನೊಂದು ರ‍್ಯಾಪ್ ಹಾಡಿನಲ್ಲಿ ಟಿಂಬಲ್ಯಾಂಡ್, 1969ರ ‘ಆರಾಧನಾ’ ಚಿತ್ರದ, ಎಸ್.ಡಿ. ಬರ್ಮನ್ ಸಂಗೀತದ ಗೀತೆಯೊಂದರ ತುಣುಕನ್ನು ಬಳಸಿದ್ದನು. ಸಾರೆಗಾಮ ಸಂಸ್ಥೆ ಹೂಡಿದ ದಾವೆಯನ್ನು ಅಮೆರಿಕದ ಮೇಲ್ಮನವಿ ನ್ಯಾಯಾಲಯವು 2011ರಲ್ಲಿ ತಳ್ಳಿಹಾಕಿತು. 1967ರ ಒಪ್ಪಂದದ ಅನ್ವಯ ಧ್ವನಿಮುದ್ರಣದ ಮೇಲಿನ ಸಂಸ್ಥೆಯ ಹಕ್ಕು ಎರಡು ವರ್ಷಗಳಿಗಷ್ಟೇ ಸೀಮಿತವಾಗಿತ್ತೆಂಬುದು ಕಾರಣ. ಎರಡೂ ಪ್ರಕರಣಗಳಲ್ಲಿ ನಿರ್ಣಾಯಕವಾದುದು ಹಳೆಯ ಒಪ್ಪಂದಗಳು. ಕಂಠವಾಗಲಿ ವಾದ್ಯವಾಗಲಿ ಚರ್ಚೆಯ ಕೇಂದ್ರಕ್ಕೆ ಬರಲಿಲ್ಲ.

ಲಾಹಿರಿಯವರಿಗೆ ಅಡ್ಡಿಯಾದ ತತ್ತ್ವವನ್ನು ಭಾರತದ ಸರ್ವೋಚ್ಚ ನ್ಯಾಯಾಲಯವು 1977ರಲ್ಲಿ, ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿಯ ಮೊಕದ್ದಮೆಯಲ್ಲಿ ಸ್ಥಿರೀಕರಿಸಿತ್ತು. ಆ ತೀರ್ಪಿಗೆ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಸೇರಿಸಿದ ಟಿಪ್ಪಣಿ ಇಲ್ಲಿ ವಿಶೇಷವಾಗಿ ಪ್ರಸ್ತುತ. 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಸಂಗೀತಕೃತಿ ಎಂದರೆ ಮುದ್ರಿತವಾದ ಅಥವಾ ಬರಹಕ್ಕಿಳಿದ ರಚನೆ. ಹಾಡಿಗೆ ಪ್ರಾಣ ತುಂಬುವ ಗಾಯಕನಿಗೆ ಅದರಲ್ಲಿ ಸ್ಥಾನವಿಲ್ಲದಿರುವುದು ಭಾರತೀಯ ಸಂಗೀತದ ಸ್ವಭಾವಕ್ಕೆ ಒಪ್ಪುವಂಥದಲ್ಲ, ಸಂಸತ್ತು ಇದನ್ನು ಪರಿಶೀಲಿಸಬೇಕು ಎಂಬ ಅಭಿಪ್ರಾಯವನ್ನು ಅವರು ವ್ಯಕ್ತಪಡಿಸಿದ್ದರು. ಬ್ರಾಂಕ್ಸ್‌ನ ಪ್ರಯೋಗಗಳು ನಡೆಯುತ್ತಿದ್ದ ಆ ದಿನಗಳಲ್ಲಿಯೇ ದಿಲ್ಲಿಯಲ್ಲಿ, ಬೇರೊಂದು ಸಂದರ್ಭದಲ್ಲಿ, ಸ್ಟಬಲ್‌ಫೀಲ್ಡ್‌ನ ಸಮಸ್ಯೆಯ ತಿರುಳನ್ನು ಒಬ್ಬ ನ್ಯಾಯಾಧೀಶರು ಗುರುತಿಸಿದ್ದರು.

ಸಂಸತ್ತು ತಡವಾಗಿಯಾದರೂ ಇದಕ್ಕೆ ಸ್ಪಂದಿಸಿತು. 1994ರ ತಿದ್ದುಪಡಿಯು ಸಂಗೀತಕೃತಿಗೆ ಬರಹದ ನಿರ್ಬಂಧವನ್ನು ತೆಗೆದುಹಾಕಿ, ಪ್ರದರ್ಶಕರ ಹಕ್ಕನ್ನು ಮೊದಲ ಬಾರಿಗೆ ಮಾನ್ಯ ಮಾಡಿತು. 2012ರ ತಿದ್ದುಪಡಿಯು ಪ್ರದರ್ಶಕರಿಗೆ ವಾಣಿಜ್ಯ ಬಳಕೆಯ ರಾಯಲ್ಟಿಯನ್ನೂ, ತಮ್ಮ ಹೆಸರನ್ನು ನಮೂದಿಸುವಂತೆ ಕೇಳುವ ನೈತಿಕ ಹಕ್ಕನ್ನೂ ನೀಡಿತು. ಆದರೆ ಅದೇ ತಿದ್ದುಪಡಿಯಲ್ಲಿ ಒಂದು ಷರತ್ತಿದೆ. ಚಲನಚಿತ್ರದಲ್ಲಿ ಪ್ರಾಸಂಗಿಕವಾಗಿ ಭಾಗವಹಿಸಿ, ಉದ್ಯಮದ ರೂಢಿಯಂತೆ ಹೆಸರಿನ ಪಟ್ಟಿಯಲ್ಲಿ ಎಲ್ಲಿಯೂ ನಮೂದಾಗದವನು ಬಹುತೇಕ ಹಕ್ಕುಗಳ ಮಟ್ಟಿಗೆ ಪ್ರದರ್ಶಕನೆನಿಸುವುದಿಲ್ಲ. ಹೆಸರು ದಾಖಲಾಗಿದೆಯೇ ಎಂಬುದು ಇಲ್ಲಿ ಹಕ್ಕಿನ ಅಸ್ತಿತ್ವವನ್ನೇ ನಿರ್ಧರಿಸುವ ಒಂದು ಅಂಶವಾಗಿದೆ.

ಸಮಾರೋಪ

ಮೇಲಿನ ಪರಿಶೀಲನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಹಿಪ್‌ಹಾಪ್‌ನಲ್ಲಿ ಎರವಲು ಪಡೆಯುವಿಕೆ ಒಂದು ಆಕಸ್ಮಿಕವಲ್ಲ, ಅದರ ರಚನಾಕ್ರಮವೇ ಆಗಿದೆ. ಎರವಲಿಗೆ ಒಳಗಾದ ಹಾಡುಗಳೂ ಬೇರೆ ಎರವಲುಗಳಿಂದ ಹುಟ್ಟಿದವೇ. ಆದುದರಿಂದ ಎರವಲನ್ನು ನಿಷೇಧಿಸುವುದು ಪರಿಹಾರವಲ್ಲ. 1991ರ ನಂತರದ ಕಠಿಣ ಕ್ರಮಗಳು ಸ್ಯಾಂಪ್ಲಿಂಗಿನ ಬೆಲೆಯನ್ನು ಏರಿಸಿದವು. ಪರವಾನಗಿಯ ತೊಡಕುಗಳಿಂದಾಗಿ ಡೆ ಲಾ ಸೋಲ್ ತಂಡದ ಆರಂಭಿಕ ಆಲ್ಬಮ್ಮುಗಳು 2023ರ ಮಾರ್ಚ್‌ವರೆಗೆ ಅಂತರ್ಜಾಲದ ಸಂಗೀತ ಸೇವೆಗಳಲ್ಲಿ ದೊರೆಯದೆ ಹೋದವು. ಅದಕ್ಕೆ ಕೆಲವೇ ವಾರಗಳ ಮುಂಚೆ ಆ ತಂಡದ ಡೇವಿಡ್ ಜೋಲಿಕರ್ ತೀರಿಕೊಂಡಿದ್ದನು. ಇಷ್ಟೆಲ್ಲ ಕಟ್ಟುನಿಟ್ಟಿನ ಫಲ ಪ್ರಕಾಶಕರಿಗೂ ಧ್ವನಿಮುದ್ರಣ ಸಂಸ್ಥೆಗಳಿಗೂ ಸಂದಿತು. ಡ್ರಮ್ಮಿನ ಮುಂದೆ ಕುಳಿತಿದ್ದವನಿಗೆ ಅದು ತಲುಪಲಿಲ್ಲ.

ಸಂಶೋಧಕರಿಗೂ ಗ್ರಂಥಾಲಯಗಳಿಗೂ ಈ ಚರಿತ್ರೆಯಲ್ಲಿ ಒಂದು ಪಾಠವಿದೆ. ನಮ್ಮ ಸಂಸ್ಥೆಗಳಲ್ಲಿಯೂ ಖಾಸಗಿ ಸಂಗ್ರಹಗಳಲ್ಲಿಯೂ ಜನಪದ ಗಾಯಕರ, ತಮಟೆ, ಡೊಳ್ಳು, ಚೌಡಿಕೆ ವಾದಕರ ಧ್ವನಿಮುದ್ರಣಗಳನ್ನು ಸಂಗ್ರಹಿಸಿಡುವ ಕಾರ್ಯ ನಡೆಯುತ್ತ ಬಂದಿದೆ. ಅಂತಹ ಧ್ವನಿಮುದ್ರಣದ ಯಾವ ಸೆಕೆಂಡು ನಾಳೆ ಯಾರ ಹಾಡಿಗೆ ತಳಹದಿಯಾದೀತೆಂದು ಇಂದು ಹೇಳಲಾಗದು. ‘ಜನಪದ ಗೀತೆ, ಮೇಳದವರು’ ಎಂದಷ್ಟೇ ಬರೆದ ಸೂಚಿಪತ್ರವು ರೆಕಾರ್ಡಿನ ಚೀಟಿಯನ್ನು ನೆನೆಸಿ ತೆಗೆದುದಕ್ಕೆ ಸಮಾನ. ಹಾಡಿದವರು, ಜೊತೆಗೆ ಹಿಮ್ಮೇಳ ನುಡಿಸಿದವರು, ಊರು, ದಿನಾಂಕ ಇವಿಷ್ಟನ್ನು ಧ್ವನಿಮುದ್ರಣದ ದಿನವೇ ಬರೆದಿಡುವುದು ಸಣ್ಣ ಕೆಲಸವೆಂದು ತೋರಬಹುದು. ಹಕ್ಕಿನ ಪ್ರಶ್ನೆ ಎದ್ದ ದಿನ ವಾದಕನ ಪರವಾಗಿ ನಿಲ್ಲುವ ಸಾಕ್ಷಿ ಆ ಬರಹವೊಂದೇ ಆಗಿರುತ್ತದೆ.